ಅಗ್ಗದ ಮನೆಯ ಲೆಕ್ಕ

(ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ಕೊಂಡು ನೋಡು ಎಂದು ಅವರು ಹೇಳಲಿಲ್ಲ. ಅವರ ಕಾಲದಲ್ಲಿ ಹಳ್ಳಿಯ ಮನೆ ಪೇಟೆಗೆ ಬರುವ ಸರಕಾಗಿರಲಿಲ್ಲ. ತಾತನಿಂದ ತಂದೆಗೆ, ತಂದೆಯಿಂದ ಮಗನಿಗೆ ಇಳಿದು ಬರುವ ಆಸ್ತಿಯಾಗಿತ್ತು. ಮಾರಿದವನನ್ನು ಊರು ಕನಿಕರದಿಂದ ನೋಡುತ್ತಿತ್ತು; ಕೊಂಡವನನ್ನು ಅನುಮಾನದಿಂದ ನೋಡುತ್ತಿತ್ತು.

ಇಂದು ನಮ್ಮಲ್ಲಿ ಹಲವರು ಮನೆ ಕೊಳ್ಳುವ ಮಾತನಾಡುತ್ತಿದ್ದಾರೆ. ಇಪ್ಪತ್ತು ಮೂವತ್ತು ವರ್ಷ ಯಂತ್ರದ ಮುಂದೆ ನಿಂತು ಸವೆದವರು, ಕೈಗೆ ಬರುವ ಗ್ರಾಚ್ಯುಟಿ ಮತ್ತು ಭವಿಷ್ಯನಿಧಿಯ ಹಣಕ್ಕೆ ಪಟ್ಟಣದಲ್ಲಿ ಒಂದು ನಿವೇಶನವೂ ದಕ್ಕದೆಂದು ತಿಳಿದು ಊರ ಕಡೆಗೆ ಮುಖ ಮಾಡಿದ್ದಾರೆ. ಬೀದಿಗೆ ಬಾಗಿಲಿರುವ ಹಳೆಯ ಮನೆ ಸಿಕ್ಕರೆ ಮುಂದೆ ಅಂಗಡಿ, ಹಿಂದೆ ಸಂಸಾರ ಎಂದು ಲೆಕ್ಕ ಹಾಕುತ್ತಿರುವ ವ್ಯಾಪಾರಿ ಮಿತ್ರರೂ ಇದ್ದಾರೆ. ಈಚೆಗೆ ಇಂಥವರ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿರುವ ಊರು ಮಾಯಸಂದ್ರ. ಅಲ್ಲಿ ಹಳೆಯ ಮನೆ ಅಗ್ಗಕ್ಕೆ ಸಿಗುತ್ತದಂತೆ ಎನ್ನುತ್ತಾರೆ.

ಸಿಗುವುದುಂಟು. ಆದರೆ ಅಗ್ಗ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಸಂತೆಯಲ್ಲಿ ತೀರ ಅಗ್ಗದ ಬಟ್ಟೆ ಕಂಡಾಗ ಗಿರಣಿಯವರಾದ ನಾವು ಏನು ಕೇಳುತ್ತೇವೆ? ನೂಲು ಕಡಿಮೆಯೋ, ಬಣ್ಣ ಕಡಿಮೆಯೋ, ನೇಯ್ದವನ ಕೂಲಿ ಕಡಿಮೆಯೋ ಎಂದು ಕೇಳುತ್ತೇವೆ. ಯಾರಿಗೋ ಸಲ್ಲಬೇಕಾದದ್ದು ಸಲ್ಲದೆ ಯಾವ ವಸ್ತುವೂ ಅಷ್ಟು ಅಗ್ಗವಾಗುವುದಿಲ್ಲವೆಂದು ನಮಗೆ ಗೊತ್ತು. ಮನೆಯ ವಿಷಯದಲ್ಲೂ ಅದೇ ಪ್ರಶ್ನೆ ಕೇಳಬೇಕು. ಈ ಮನೆ ಅಗ್ಗವಾಗಿರುವುದು ಯಾರಿಗೆ ಏನು ಸಲ್ಲದೆ ಇರುವುದರಿಂದ? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯನ್ನು ಕುರಿತದ್ದು.

ಊರು ಮತ್ತು ಮನೆ

ತುರುವೇಕೆರೆ ತಾಲ್ಲೂಕಿನಲ್ಲಿ ನಾಲ್ಕು ಹೋಬಳಿ: ಕಸಬ, ದಂಡಿನಶಿವರ, ದಬ್ಬೇಘಟ್ಟ, ಮಾಯಸಂದ್ರ. ತುರುವೇಕೆರೆಯಿಂದ ಬೆಳ್ಳೂರು ಕ್ರಾಸಿಗೆ ಹೋಗುವ ಹೆದ್ದಾರಿ ಮಾಯಸಂದ್ರವನ್ನು ಹಾದು ಹೋಗುತ್ತದೆ. ಬೆಳ್ಳೂರು ಕ್ರಾಸಿನಲ್ಲಿ ಬೆಂಗಳೂರು–ಹಾಸನ ಹೆದ್ದಾರಿ ಸಿಕ್ಕುತ್ತದೆ. 2017ರಲ್ಲಿ ಕುಣಿಗಲ್ ಮಾರ್ಗವಾಗಿ ಹಾಸನಕ್ಕೆ ರೈಲು ಓಡತೊಡಗಿದ ಮೇಲೆ ಆ ಭಾಗಕ್ಕೆ ಬೆಂಗಳೂರು ಇನ್ನಷ್ಟು ಹತ್ತಿರವಾಗಿದೆ. ಹೋಬಳಿಯ ಊರಾದ್ದರಿಂದ ನಾಡಕಚೇರಿ ಅಲ್ಲೇ ಇದೆ. ರಿಜಿಸ್ಟ್ರಿ ಕಚೇರಿ ಇರುವುದು ತಾಲ್ಲೂಕು ಕೇಂದ್ರವಾದ ತುರುವೇಕೆರೆಯಲ್ಲಿ.

ಆ ಸೀಮೆಯ ಹಳೆಯ ಮನೆ ವಾಸಕ್ಕೆಷ್ಟೋ ಕೊಬ್ಬರಿಗೂ ಅಷ್ಟೇ ಕಟ್ಟಿದ್ದು. ಇದನ್ನು ತಿಳಿಯದೆ ಅಲ್ಲಿಯ ಮನೆಯನ್ನು ತಿಳಿಯಲಾಗದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ರೈತ ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಕೆಲವು ಸಲ ವರ್ಷಪೂರ್ತಿ, ಹಾಗೆಯೇ ಬಿಡುತ್ತಾನೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಸದ್ದು ಬಂದಾಗ ಇಳಿಸಿ, ಸುಲಿದು, ಒಡೆಯುತ್ತಾನೆ. ಅದೇ ಉಂಡೆ ಕೊಬ್ಬರಿ. ಸಿಪ್ಪೆಯಿರುವ ಕಾಯಿ ಹೆಚ್ಚು ಕಡಿಮೆ ಒಂದು ಕಿಲೋ ಎಂದು ಹಿಡಿದರೂ, ಅಟ್ಟದ ಮೇಲೆ ಐದು ಸಾವಿರ ಕಾಯಿ ಇದ್ದರೆ ಐದು ಟನ್ ಭಾರವಾಯಿತು. ಈ ಭಾರ ಹೊರಲೆಂದೇ ಆ ಮನೆಗಳಿಗೆ ದಪ್ಪ ಗೋಡೆ, ದಪ್ಪ ತೊಲೆ, ಒತ್ತೊತ್ತಾಗಿ ಇಟ್ಟ ಜಂತೆ. ಮುಂದೆ ಜಗಲಿ, ಒಳಗೆ ನಡುಮನೆ, ಅನುಕೂಲಸ್ಥರದಾದರೆ ನಡುವೆ ತೊಟ್ಟಿ.

ಇಂಥ ಮನೆಗಳು ಏಕೆ ಖಾಲಿಯಾದವು? ಕೊಬ್ಬರಿ ಹಾಕಲು ತೋಟದಲ್ಲೇ ಶೆಡ್ಡು ಕಟ್ಟಿಕೊಂಡವರು ಕ್ರಮೇಣ ವಾಸದ ಮನೆಯನ್ನೂ ಅಲ್ಲೇ ಕಟ್ಟಿಕೊಂಡರು. ನೀರು ಆಳಕ್ಕೆ ಇಳಿಯಿತು. 1998ರ ಈಚೆಗೆ ತೆಂಗಿಗೆ ನುಸಿ ಪೀಡೆ ಹಬ್ಬಿತು. ಬರದ ವರ್ಷಗಳಲ್ಲಿ ಮರಗಳ ಸುಳಿಯೇ ಒಣಗಿತು. ಬೆಲೆಯ ಕಥೆ ಬೇರೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರಿನ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹರಾಜಾಯಿತು. 2025ರಲ್ಲಿ ಅದೇ ಮಾರುಕಟ್ಟೆಯಲ್ಲಿ 20,000 ದಾಟಿತು. ಹೀಗೆ ತೂಗುಯ್ಯಾಲೆಯಾಡುವ ಬೆಲೆಯನ್ನು ನೆಚ್ಚಲಾರದೆ ಮಕ್ಕಳು ಪೀಣ್ಯಕ್ಕೆ, ಹಿರೇಹಳ್ಳಿಗೆ, ಅಂತರಸನಹಳ್ಳಿಗೆ, ವಸಂತನರಸಾಪುರಕ್ಕೆ ಹೊರಟರು. ಹಾಗೆ ಹೊರಟವರು ಯಾರು? ನಾವೇ.

ಎರಡು ಬಗೆಯ ಅಗ್ಗ

ಹಳೆಯ ಮನೆ ಎರಡು ಕಾರಣದಿಂದ ಅಗ್ಗವಾಗುತ್ತದೆ. ಒಂದು, ಗೋಡೆ ಬಿರಿದಿದೆ, ತೊಲೆಗೆ ಗೆದ್ದಲು ಹತ್ತಿದೆ, ಹೆಂಚು ಜಾರಿದೆ. ಇದು ಮಣ್ಣಿನ ಅಗ್ಗ. ಕಣ್ಣಿಗೆ ಕಾಣುತ್ತದೆ, ಮೇಸ್ತ್ರಿಯನ್ನು ಕರೆದುಕೊಂಡು ಹೋದರೆ ಇಷ್ಟು ಖರ್ಚು ಎಂದು ಹೇಳುತ್ತಾನೆ. ಅಷ್ಟನ್ನು ಕ್ರಯದಲ್ಲಿ ಕಳೆದು ಚೌಕಾಸಿ ಮಾಡಬಹುದು.

ಎರಡನೆಯದು ಸಹಿಯ ಅಗ್ಗ. ಐದಾರು ಜನ ಸಹಿ ಹಾಕಬೇಕಾದ ಮನೆಗೆ ಇಬ್ಬರು ಸಹಿ ಹಾಕಿ ಮಾರಲು ಹೊರಟಿದ್ದಾರೆ. ಉಳಿದವರಿಗೆ ಪಾಲು ಕೊಡಬೇಕಾಗಿಲ್ಲ ಎಂಬ ಧೈರ್ಯದಿಂದ ಬೆಲೆ ಇಳಿಸಿದ್ದಾರೆ. ಈ ಅಗ್ಗ ಕಣ್ಣಿಗೆ ಕಾಣುವುದಿಲ್ಲ. ಮೇಸ್ತ್ರಿಗೆ ತಿಳಿಯುವುದಿಲ್ಲ. ದಳ್ಳಾಳಿಗೆ ತಿಳಿದರೂ ಅವನು ಹೇಳುವುದಿಲ್ಲ. ಸಾಮಾನ್ಯವಾಗಿ ಇದು ತಿಳಿಯುವುದು, ಹೆಂಚು ಬದಲಾಯಿಸಿ ಸುಣ್ಣ ಬಳಿದು ಗೃಹಪ್ರವೇಶವಾದ ಮೇಲೆ, ಸಿವಿಲ್ ನ್ಯಾಯಾಲಯದ ಸಮನ್ಸು ಬಂದಾಗ.

ಆರರಲ್ಲಿ ಮೂರು

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಯಜಮಾನರು ತಾವೇ ದುಡಿದು ಕೊಂಡ ಮನೆ. ಉಯಿಲು ಬರೆಯದೆ ತೀರಿಕೊಂಡರು. ಹೆಂಡತಿ ಇದ್ದಾರೆ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಈ ಆರು ಜನಕ್ಕೂ ಸಮಪಾಲು. ಹೆಣ್ಣುಮಕ್ಕಳಲ್ಲಿ ಒಬ್ಬರು ತಂದೆಗಿಂತ ಮುಂಚೆ ತೀರಿಕೊಂಡಿದ್ದರೆ ಅವರ ಮಕ್ಕಳಿಗೆ ಆ ಪಾಲು. ಈಗ ಗಂಡುಮಕ್ಕಳಿಬ್ಬರೂ ತಾಯಿಯೂ ಸೇರಿ ಆರು ಲಕ್ಷ ರೂಪಾಯಿಗೆ ನಮಗೆ ಕ್ರಯಪತ್ರ ಬರೆದುಕೊಟ್ಟರೆ ನಮಗೆ ಬಂದದ್ದು ಎಷ್ಟು? ಆರರಲ್ಲಿ ಮೂರು. ಆರು ಲಕ್ಷ ಕೊಟ್ಟು ಅರ್ಧ ಮನೆ ಕೊಂಡೆವು.

ಅರ್ಧವಾದರೂ ನಮ್ಮದಲ್ಲವೇ, ಒಳಗೆ ಹೋಗಿ ಕೂರುತ್ತೇವೆ ಎನ್ನಬಹುದು. ಅದಕ್ಕೂ ಅಡ್ಡಿಯುಂಟು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 44ನೆಯ ಕಲಮಿನಂತೆ, ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವನಿಗೆ ಆ ಮನೆಯವರೊಡನೆ ಕೂಡಿ ವಾಸಿಸುವ ಹಕ್ಕಿಲ್ಲ. ಅವನು ಪಾಲಿಗಾಗಿ ದಾವಾ ಹೂಡಿದರೆ, 1893ರ ವಿಭಾಗ ಕಾಯಿದೆಯ 4ನೆಯ ಕಲಮಿನಂತೆ, ನ್ಯಾಯಾಲಯ ಕಟ್ಟಿದ ಬೆಲೆಗೆ ಅವನ ಪಾಲನ್ನು ತಾವೇ ಕೊಂಡುಕೊಳ್ಳುತ್ತೇವೆ ಎಂದು ಮನೆಯವರು ಕೇಳಬಹುದು. ಕುಟುಂಬದ ಸೂರಿನಡಿ ಪರರು ನುಗ್ಗಬಾರದೆಂಬುದು ಈ ಎರಡು ಕಾಯಿದೆಗಳ ಉದ್ದೇಶ. ಆ ಪರರು ನಾವೇ ಆಗುತ್ತೇವೆ.

ಪಿತ್ರಾರ್ಜಿತ ಮನೆಯಾದರೆ ಗಂಡುಮಕ್ಕಳಿಗಷ್ಟೇ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಬಲವಾಗಿದೆ. ಕಾನೂನು ಎಷ್ಟು ದೂರ ನಡೆದುಬಂದಿದೆ ನೋಡಿ. 1933ರಲ್ಲೇ ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕಿಗಾಗಿ ಒಂದು ಕಾಯಿದೆ ಮಾಡಿ, ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಭಾಗ ಇಟ್ಟಿತು. ಆಗ ಮಾಯಸಂದ್ರವೂ ಆ ಸಂಸ್ಥಾನದ ಊರೇ. 1956ರ ಕಾಯಿದೆ ತಂದೆಯ ಸ್ವಂತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತಾದರೂ ವಾಸದ ಮನೆಗೆ ಬಂದಾಗ ಕೈ ಬಿಗಿ ಹಿಡಿಯಿತು: ಗಂಡು ವಾರಸುದಾರರು ಭಾಗ ಮಾಡಿಕೊಳ್ಳಲು ಒಪ್ಪುವ ತನಕ ಹೆಣ್ಣುಮಕ್ಕಳು ಮನೆಯ ಭಾಗ ಕೇಳುವಂತಿರಲಿಲ್ಲ. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತದಲ್ಲೂ ಹೆಣ್ಣುಮಕ್ಕಳನ್ನು ಸಮಾನ ಪಾಲುದಾರರನ್ನಾಗಿ ಮಾಡಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು, ವಾಸದ ಮನೆಯ ಮೇಲಿದ್ದ ತಡೆಯನ್ನೂ ತೆಗೆಯಿತು. 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಆಗಿಹೋದ ಕ್ರಯ, ವಿಭಾಗಗಳು ಮಾತ್ರ ಅಲ್ಲಾಡುವುದಿಲ್ಲ. ಅವಕ್ಕೂ ಗಟ್ಟಿ ದಾಖಲೆ ಬೇಕು. ಜಗಲಿಯ ಮೇಲೆ ನಾಲ್ಕು ಜನರ ಮುಂದೆ ಆಯಿತು ಎಂಬ ಬಾಯಿಮಾತಿನ ಪಾಲು ಬರಿಯ ಮಾತಿನಿಂದ ನಿಲ್ಲದು.

ಮುಸಲ್ಮಾನ ಬಂಧುಗಳ ಮತ್ತು ಕ್ರೈಸ್ತ ಬಂಧುಗಳ ಉತ್ತರಾಧಿಕಾರದ ಕಾನೂನು ಬೇರೆ. ಅಲ್ಲಿಯೂ ಹೆಣ್ಣುಮಕ್ಕಳಿಗೆ ಪಾಲುಂಟು. ಯಾವ ಮನೆ ಕೊಂಡರೂ ಹೆಣ್ಣುಮಕ್ಕಳನ್ನು ಲೆಕ್ಕಕ್ಕೆ ಹಿಡಿಯದೆ ಕೊಳ್ಳುವಂತಿಲ್ಲ.

ಮಾರುವವರೂ ನಾವೇ

ಇಲ್ಲಿಯ ತನಕ ಕೊಳ್ಳುವವರಂತೆ ಮಾತನಾಡಿದೆವು. ಈಗ ಮಗ್ಗುಲು ಬದಲಿಸೋಣ. ನಮ್ಮಲ್ಲಿ ಎಷ್ಟು ಜನಕ್ಕೆ ಊರಿನಲ್ಲಿ ಬೀಗ ಹಾಕಿದ ಮನೆ ಇಲ್ಲ? ಪೀಣ್ಯದಲ್ಲಿ ಬಾಡಿಗೆ ಕಟ್ಟುತ್ತ, ಅಣ್ಣತಮ್ಮಂದಿರು ಕೂಡಿ ಅದನ್ನು ಮಾರಿಬಿಡೋಣವೆಂದು ಎಷ್ಟು ಜನ ಯೋಚಿಸಿಲ್ಲ? ಕೊಳ್ಳುವವರೂ ನಾವೇ, ಮಾರುವವರೂ ನಾವೇ. ಬೇರೆ ಊರಿನಲ್ಲಿ ಕೊಳ್ಳುವಾಗ ಎಲ್ಲರ ಸಹಿ ಬೇಕೆನ್ನುವ ನಾವು ನಮ್ಮ ಊರಿನಲ್ಲಿ ಮಾರುವಾಗ "ಅಕ್ಕ ಏನೂ ಕೇಳುವುದಿಲ್ಲ" ಎನ್ನುತ್ತೇವೆ.

ಅಕ್ಕ ಕೇಳುವುದಿಲ್ಲ ನಿಜ. ಏಕೆ ಕೇಳುವುದಿಲ್ಲ? ಕೇಳಿದರೆ ಗೌರಿಹಬ್ಬಕ್ಕೆ ಬಾಗಿನ ಬರುವುದಿಲ್ಲ, ಬಾಣಂತನಕ್ಕೆ ತವರಿನ ಬಾಗಿಲು ತೆರೆಯುವುದಿಲ್ಲ, ಗಂಡನ ಮನೆಯಲ್ಲಿ ಕಷ್ಟ ಬಂದರೆ ಹೋಗಲು ಜಾಗವಿರುವುದಿಲ್ಲ ಎಂದು ಅವಳಿಗೆ ಭಯ. ಕೂಲಿ ಹೆಚ್ಚಿಸಿ ಎಂದು ಕೇಳದೆ ಸುಮ್ಮನಿರುವ ಕೆಲಸಗಾರನನ್ನು ಮಾಲೀಕ ಸಂತೃಪ್ತನೆಂದು ಕರೆದರೆ ನಮಗೆ ನಗು ಬರುತ್ತದೆ. ಅಕ್ಕನ ಮೌನವನ್ನು ನಾವೂ ಅದೇ ರೀತಿ ಓದುತ್ತಿದ್ದೇವೆ.

ಮದುವೆಯಲ್ಲಿ ಕೊಟ್ಟಾಯಿತಲ್ಲ ಎಂಬ ಮಾತೂ ಬರುತ್ತದೆ. ಮದುವೆಯಲ್ಲಿ ಕೊಟ್ಟದ್ದು ಪಾಲಿನ ಬಾಬ್ತು ಅಲ್ಲ. ಪಾಲು ಬಿಟ್ಟೆ ಎಂದು ಬಾಯಲ್ಲಿ ಹೇಳಿದರೂ, ಬಿಳಿ ಹಾಳೆಯಲ್ಲಿ ಬರೆದು ಹೆಬ್ಬೆಟ್ಟು ಒತ್ತಿದರೂ ಸಾಲದು. ನೂರು ರೂಪಾಯಿಗೆ ಮೀರಿದ ಸ್ಥಿರಾಸ್ತಿಯ ಹಕ್ಕನ್ನು ಬಿಡಬೇಕಾದರೆ 1908ರ ನೋಂದಣಿ ಕಾಯಿದೆಯಂತೆ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರಾಗಬೇಕು. ಹೆಣ್ಣುಮಗಳು ತಾನೇ ಕಚೇರಿಗೆ ಬಂದು, ಓದಿಸಿ ಕೇಳಿ, ಒಪ್ಪಿ ಸಹಿ ಹಾಕಬೇಕು.

ನಾವು ಸೂಚಿಸುವುದು ಸರಳ. ಮಾರುವಾಗ ಬಂದ ಹಣವನ್ನು ಪಾಲುದಾರರ ಸಂಖ್ಯೆಯಿಂದ ಭಾಗಿಸಿ, ಅವರವರ ಬ್ಯಾಂಕ್ ಖಾತೆಗೆ ಕೊಳ್ಳುವವನಿಂದಲೇ ನೇರವಾಗಿ ಹಾಕಿಸಿ, ಎಲ್ಲರೂ ಒಂದೇ ಕ್ರಯಪತ್ರಕ್ಕೆ ಸಹಿ ಹಾಕುವುದು. ಆರು ಲಕ್ಷದಲ್ಲಿ ಒಬ್ಬೊಬ್ಬರಿಗೆ ಒಂದು ಲಕ್ಷ. ಅಕ್ಕ ಆ ಹಣವನ್ನು ತಮ್ಮನಿಗೇ ಹಿಂತಿರುಗಿಸಿದರೆ ಅದು ಅವಳ ದೊಡ್ಡತನ. ಕೈಗೆ ಬಾರದ ಹಣವನ್ನು ಅವಳು ದಾನ ಮಾಡಿದಳೆಂದು ನಾವೇ ಹೇಳಿಕೊಳ್ಳುವುದು ದೊಡ್ಡತನವಲ್ಲ.

ಕಾಗದ ಓದುವ ಕ್ರಮ

ಮಾಯಸಂದ್ರದಲ್ಲಿ ಒಂದು ಮನೆ ಮನಸ್ಸಿಗೆ ಬಂತೆಂದು ಇಟ್ಟುಕೊಳ್ಳಿ. ಮುಂಗಡ ಕೊಡುವ ಮೊದಲು ಮಾಡಬೇಕಾದ ಕೆಲಸಗಳಿವೆ.

ಮೊದಲು ವಂಶವೃಕ್ಷ. ನಾಡಕಚೇರಿಯಿಂದ ಪಡೆದ ಪತ್ರವನ್ನು ಕೈಯಲ್ಲಿ ಹಿಡಿದು, ಅಕ್ಕಪಕ್ಕದ ಮನೆಯ ಹಿರಿಯರ ಬಳಿ ಕುಳಿತು, ಸತ್ತವರಾರು, ಇದ್ದವರಾರು, ಕೊಟ್ಟ ಊರು ಯಾವುದು ಎಂದು ಕೇಳಿ ತಾಳೆ ನೋಡಬೇಕು. ಪತ್ರದಲ್ಲಿ ಬಿಟ್ಟುಹೋದ ಹೆಸರು ಪಕ್ಕದ ಮನೆಯ ಅಜ್ಜಿಯ ನೆನಪಿನಲ್ಲಿ ಇರುತ್ತದೆ.

ಎರಡನೆಯದು ಋಣಭಾರ ಪತ್ರ. ರಿಜಿಸ್ಟರಾದ ವ್ಯವಹಾರಗಳಿದ್ದರೆ ನಮೂನೆ 15ರಲ್ಲಿಯೂ ಇಲ್ಲದಿದ್ದರೆ ನಮೂನೆ 16ರಲ್ಲಿಯೂ ಕೊಡುತ್ತಾರೆ. 2004ರಿಂದ ಈಚಿನದು ಗಣಕಯಂತ್ರದಲ್ಲಿ ದೊರೆಯುತ್ತದೆ. ಹಿಂದಿನದನ್ನು ಉಪನೋಂದ​ಣಾಧಿಕಾರಿಗಳ ಕಚೇರಿಯ ಪುಸ್ತಕಗಳಲ್ಲಿ ಹುಡುಕಿಸಬೇಕು. ಹಳೆಯ ಮನೆಗೆ ಹಳೆಯ ಪುಸ್ತಕವೇ ಮುಖ್ಯ. ಆದರೂ ಈ ಪತ್ರ ಎಲ್ಲವನ್ನೂ ಹೇಳುವುದಿಲ್ಲ. ರಿಜಿಸ್ಟರಾಗದ ಕರಾರು, ಬಾಯಿಮಾತಿನ ಸಾಲ, ನಡೆಯುತ್ತಿರುವ ದಾವಾ ಅದರಲ್ಲಿ ಕಾಣದಿರಬಹುದು. ಮೂಲಪತ್ರವನ್ನೇ ತೋರಿಸಿ ಎಂದು ಕೇಳಬೇಕು. ಕಳೆದುಹೋಗಿದೆ ಎಂದರೆ ಎಲ್ಲಿಯೋ ಅಡವಿದೆಯೇ ಎಂದು ವಿಚಾರಿಸಬೇಕು. ದಾವಾ ನಡೆಯುತ್ತಿರುವಾಗ ಕೊಂಡವನು ಆ ದಾವೆಯ ತೀರ್ಪಿಗೆ ಬದ್ಧನೆಂಬುದನ್ನು ಮರೆಯಬಾರದು.

ಮೂರನೆಯದು ಪಂಚಾಯಿತಿಯ ದಾಖಲೆ. ಗ್ರಾಮ ಪಂಚಾಯಿತಿಗಳಲ್ಲಿ 2013ರಿಂದ ಇ-ಸ್ವತ್ತು ಪದ್ಧತಿ ಬಂದಿದೆ. ಮನೆ ಗ್ರಾಮಠಾಣದೊಳಗಿದೆಯೇ, ಖಾತೆ ಯಾರ ಹೆಸರಿನಲ್ಲಿದೆ, ಅಳತೆ ಎಷ್ಟು, ಚೆಕ್ಕುಬಂದಿ ಏನು ಎಂದು ನೋಡಿ, ಸ್ಥಳದಲ್ಲಿ ಟೇಪು ಹಿಡಿದು ಅಳೆಯಬೇಕು. ತಾತನ ಹೆಸರಿನಲ್ಲೇ ಖಾತೆ ನಿಂತಿದ್ದರೆ ಮೊದಲು ವಾರಸುದಾರರೆಲ್ಲರ ಹೆಸರಿಗೆ ಬದಲಾಯಿಸಿಕೊಳ್ಳಿ ಎಂದು ಮಾರುವವರಿಗೆ ಹೇಳಬೇಕು. ಒಬ್ಬ ಮಗನ ಹೆಸರಿಗೆ ಮಾತ್ರ ಖಾತೆಯಾಗಿದ್ದರೆ ಅದರಿಂದ ಅವನೊಬ್ಬನೇ ಒಡೆಯನಾಗುವುದಿಲ್ಲ. ಖಾತೆ ಕಂದಾಯ ಕಟ್ಟುವವನನ್ನು ತೋರಿಸುತ್ತದೆ, ಅಷ್ಟೆ. ಕಂದಾಯದ ರಸೀದಿ ಕ್ರಯಪತ್ರವಲ್ಲ.

ನೆಲ ಯಾರದು ಎಂಬುದನ್ನೂ ಕೇಳಬೇಕು. ಕೆಲವೆಡೆ ನೆಲ ದೇವಸ್ಥಾನದ್ದು, ಮೇಲಿನ ಗೋಡೆ ಮಾತ್ರ ಇವರದು. ಸರ್ಕಾರ ಬಡವರಿಗೆ ಕೊಟ್ಟ ಆಶ್ರಯ ಅಥವಾ ಜನತಾ ಮನೆಯಾದರೆ ಹಕ್ಕುಪತ್ರದಲ್ಲಿ ಮಾರಾಟದ ಬಗ್ಗೆ ಷರತ್ತಿರುತ್ತದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನಿಗೆ 1978ರ ಕಾಯಿದೆಯ ರಕ್ಷಣೆಯುಂಟು. ಬಡವನ ಕೈಯಿಂದ ನೆಲ ಜಾರಬಾರದೆಂದು ಮಾಡಿದ ಈ ಕಟ್ಟುಗಳನ್ನು ದಾಟುವ ಉಪಾಯ ಹೇಳುವ ದಳ್ಳಾಳಿಯ ಮಾತಿಗೆ ಕಿವಿಗೊಡಬೇಡಿ.

ಜಿ.ಪಿ.ಎ. ಬರೆದುಕೊಡುತ್ತೇವೆ, ರಿಜಿಸ್ಟ್ರಿ ಖರ್ಚು ಉಳಿಯುತ್ತದೆ ಎನ್ನುವವರೂ ಇದ್ದಾರೆ. ಅಧಿಕಾರ ಪತ್ರದಿಂದ ಮನೆಯ ಒಡೆತನ ಬದಲಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ರಿಜಿಸ್ಟ್ರಿ ಖರ್ಚು ಎಷ್ಟೆಂದು ನಾವೇ ಲೆಕ್ಕ ಹಾಕೋಣ. ಆರು ಲಕ್ಷಕ್ಕೆ ಶೇ. 5ರಂತೆ ಸ್ಟಾಂಪು ಶುಲ್ಕ 30,000. ಆ ಶುಲ್ಕದ ಮೇಲೆ ಶೇ. 10 ಸೆಸ್ಸು 3,000, ಗ್ರಾಮಾಂತರದಲ್ಲಿ ಶೇ. 3 ಅಧಿಭಾರ 900; 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ 12,000. ಒಟ್ಟು 45,900 ರೂಪಾಯಿ. ಸರ್ಕಾರದ ಮಾರ್ಗಸೂಚಿ ಬೆಲೆ ನಾವು ಕೊಟ್ಟ ಬೆಲೆಗಿಂತ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ. ಹಣ ದೊಡ್ಡದೇ. ಆದರೆ ಇದನ್ನು ಉಳಿಸಲು ಹೋಗಿ ಆರು ಲಕ್ಷವನ್ನೇ ಗಾಳಿಗೆ ತೂರುವುದು ಜಾಣತನವಲ್ಲ.

ಮನೆಯೊಳಗಿರುವವರು

ಖಾಲಿ ಮನೆ ಎಂದು ಹೇಳಿದ್ದರೂ ಹೋಗಿ ನೋಡಿದರೆ ಹಿಂದಿನ ಕೋಣೆಯಲ್ಲಿ ಒಲೆ ಉರಿಯುತ್ತಿರುತ್ತದೆ. ಮಕ್ಕಳಿಲ್ಲದ ದೊಡ್ಡಮ್ಮ, ಗಂಡ ಬಿಟ್ಟ ಸೋದರತ್ತೆ, ಯಾರೋ ಒಬ್ಬರು. "ಅವರದೇನಿಲ್ಲ, ಸುಮ್ಮನೆ ಇದ್ದಾರೆ" ಎನ್ನುತ್ತಾರೆ ಮಾರುವವರು. ಸುಮ್ಮನೆ ಇರುವವರು ಯಾರೂ ಇಲ್ಲ. ಮನೆಯಲ್ಲಿ ವಾಸವಿರುವವರಿಗೆ ಏನು ಹಕ್ಕಿದೆಯೋ ಅದು ಕೊಳ್ಳುವವನಿಗೆ ತಿಳಿದಿತ್ತು ಎಂದೇ ಕಾನೂನು ಭಾವಿಸುತ್ತದೆ. ಒಲೆಯ ಹೊಗೆ ಕಂಡೂ ನನಗೆ ಗೊತ್ತಿರಲಿಲ್ಲ ಎಂದರೆ ನಡೆಯುವುದಿಲ್ಲ.

ಕಾನೂನನ್ನು ಪಕ್ಕಕ್ಕಿಡಿ. ನಾವು ಬಾಡಿಗೆ ಮನೆಗಳಿಂದ ಎಬ್ಬಿಸಲ್ಪಟ್ಟವರು. ಮಾಲೀಕ ಮನೆ ಮಾರಿದ ಎಂದು ಪಾತ್ರೆ ಪಡಗ ಗಾಡಿಗೆ ಹಾಕಿಕೊಂಡು ಹೊರಟವರು. ನಮ್ಮ ಮನೆಯಾಗಬೇಕೆಂದು ಇನ್ನೊಬ್ಬ ಮುದುಕಿಯನ್ನು ಎಬ್ಬಿಸಿದರೆ ಆ ಬಾಗಿಲಿಗೆ ಯಾವ ತೋರಣ ಕಟ್ಟೋಣ? ಅವರ ಹೆಸರನ್ನೂ ಪಾಲಿನಲ್ಲಿ ಹಿಡಿಯಿರಿ. ಪಾಲಿಲ್ಲದಿದ್ದರೆ, ಬದುಕಿರುವ ತನಕ ಆ ಕೋಣೆ ಅವರದೆಂದು ಪತ್ರದಲ್ಲೇ ಬರೆಸಿರಿ. ಹಾಗೆ ಬರೆಸಿದ್ದರಿಂದ ಬೆಲೆ ಇನ್ನೂ ಸ್ವಲ್ಪ ಇಳಿದರೆ ಅದೊಂದೇ ಒಪ್ಪತಕ್ಕ ಅಗ್ಗ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಯಾವ ಬೀದಿಯ ಮನೆಯನ್ನು ಯಾವ ಜಾತಿಯವನಿಗೆ ಮಾರಬಹುದು ಎಂಬ ಬರೆಯದ ಕಾನೂನು ನಮ್ಮ ಸಣ್ಣ ಊರುಗಳಲ್ಲಿ ಇನ್ನೂ ಉಂಟು. ಮನೆ ಖಾಲಿ ಬಿದ್ದು ಗೋಡೆ ಕುಸಿದರೂ ಚಿಂತೆಯಿಲ್ಲ, ಇಂಥವನಿಗೆ ಮಾತ್ರ ಬೇಡ ಎನ್ನುತ್ತಾರೆ. ಕಾರ್ಖಾನೆಯಲ್ಲಿ ಒಂದೇ ಪಾಳಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ದುಡಿಯುವ ನಾವು, ಊರಿನ ಬೀದಿಗೆ ಬಂದಾಗ ಇದಕ್ಕೆ ತಲೆಬಾಗುವುದು ತರವಲ್ಲ. ಮಾರುವಾಗ ಹಣ ಮತ್ತು ಕಾಗದ ನೋಡೋಣ. ಕುಲ ಕೇಳುವುದನ್ನು ಬಿಡೋಣ.

ಗೋಡೆ, ತೊಲೆ, ಹೆಂಚು

ಕಾಗದ ಸರಿಯಿದ್ದರೆ ಮನೆಯನ್ನು ನೋಡಬೇಕು. ಬೇಸಿಗೆಯಲ್ಲಿ ನೋಡಿದರೆ ಎಲ್ಲ ಮನೆಯೂ ಚೆನ್ನ. ಹಸ್ತ, ಚಿತ್ತೆ ಮಳೆ ಹಿಡಿದಾಗ ಹೋಗಿ ನೋಡಿ. ಹೆಂಚಿನ ಸಂದಿಯಿಂದ ನೀರು ಎಲ್ಲಿ ಇಳಿಯುತ್ತದೆ, ಗೋಡೆಯ ಬುಡ ಎಷ್ಟು ಎತ್ತರಕ್ಕೆ ತೇವ ಹೀರಿದೆ, ತೊಟ್ಟಿಯ ನೀರು ಹೊರಗೆ ಹರಿಯುತ್ತದೆಯೋ ಒಳಗೇ ನಿಲ್ಲುತ್ತದೆಯೋ ಆಗ ತಿಳಿಯುತ್ತದೆ. ಮಣ್ಣಿನ ಗೋಡೆಗೆ ಮಳೆ ಮೇಲಿನಿಂದ ಬಿದ್ದರೂ ಹಗೆ, ಬುಡದಲ್ಲಿ ನಿಂತರೂ ಹಗೆ. ಎರಡನ್ನು ತಡೆದರೆ ಅದು ತಲೆಮಾರುಗಳನ್ನು ಕಾಣುತ್ತದೆ.

ಅಟ್ಟ ಹತ್ತಿ ನೋಡಿ. ಕೊಬ್ಬರಿಯ ಭಾರ ಹೊತ್ತ ತೊಲೆ ನಡುವೆ ಬಾಗಿದೆಯೇ? ಗೋಡೆಯೊಳಗೆ ಹೊಕ್ಕ ಅದರ ತುದಿಯನ್ನು ಚಾಕುವಿನಿಂದ ಚುಚ್ಚಿ ನೋಡಿ. ಗೆದ್ದಲು ಮೊದಲು ತಿನ್ನುವುದು ಅಲ್ಲಿ. ನಾಡಹೆಂಚಾದರೆ ಮಳೆಗಾಲಕ್ಕೆ ಮುಂಚೆ ಕೈಯಾಡಿಸುವ ಕೆಲಸ ಇದ್ದೇ ಇರುತ್ತದೆ. ಆ ಕೆಲಸ ಬಲ್ಲವರು ಊರಿನಲ್ಲಿ ಇನ್ನೂ ಇದ್ದಾರೆಯೇ ಎಂದು ಕೇಳಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯ ಮಾದರಿಯ ಹೆಂಚಾದರೆ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ, ಕೆಲಸ ಕಡಿಮೆ. ಮಣ್ಣಿನ ಗೋಡೆಗೆ ಅಂದಕ್ಕೆಂದು ಸಿಮೆಂಟು ಬಳಿಯಬೇಡಿ. ಒಳಗಿನ ತೇವ ಹೊರಗೆ ಬರಲಾರದೆ ಗೋಡೆಯನ್ನೇ ತಿನ್ನುತ್ತದೆ. ಮಣ್ಣು ಅಥವಾ ಸುಣ್ಣದ ಗಾರೆಯೇ ಅದಕ್ಕೆ ಒಗ್ಗುವುದು.

ಹಣದ ಬಗ್ಗೆ ಒಂದು ನಿಯಮ ಇಟ್ಟುಕೊಳ್ಳೋಣ. ಆರು ಲಕ್ಷದ ಮನೆ ಕೊಳ್ಳುವವನ ಬಳಿ ಆರೇ ಲಕ್ಷವಿದ್ದರೆ ಅವನು ಆ ಮನೆಯನ್ನು ಕೊಳ್ಳಬಾರದು. ಹಳೆಯ ಮಣ್ಣಿನ ಮನೆಯ ಮೇಲೆ ಬ್ಯಾಂಕು ಸುಲಭವಾಗಿ ಸಾಲ ಕೊಡುವುದಿಲ್ಲ. ಆಗ ಕೈಸಾಲ, ಅದರ ಬಡ್ಡಿ, ಬಡ್ಡಿಗೆ ಮತ್ತೆ ಸಾಲ. ಮೂವತ್ತು ವರ್ಷ ದುಡಿದ ಹಣ ಹೆಂಚಿನ ಸಂದಿಯಲ್ಲಿ ಸೋರಿಹೋಗುತ್ತದೆ.

ಲೋಕದ ಬೇರೆ ಕಡೆ

ಖಾಲಿ ಮನೆಯ ಸಮಸ್ಯೆ ಮಾಯಸಂದ್ರದ್ದು ಮಾತ್ರವಲ್ಲ. ನಮ್ಮ ದೇಶದಲ್ಲಿ 2011ರ ಜನಗಣತಿಯವರು ಸುಮಾರು 2.46 ಕೋಟಿ ಮನೆಗಳು ಖಾಲಿಯಿವೆಯೆಂದು ಎಣಿಸಿದರು. ಜಪಾನಿನಲ್ಲಿ 2023ರ ಸಮೀಕ್ಷೆಯಂತೆ ಸುಮಾರು 90 ಲಕ್ಷ ಮನೆ ಖಾಲಿ. ತಾತ ಸತ್ತು, ತಂದೆ ಸತ್ತು, ಮೊಮ್ಮಕ್ಕಳು ಚದುರಿ, ಮನೆ ಯಾರದೆಂದು ಹೇಳುವವರೇ ಇಲ್ಲದೆ ಎಷ್ಟೋ ಮನೆಗಳು ಅಲ್ಲಿ ಕುಸಿಯುತ್ತಿದ್ದವು. ಕೊನೆಗೆ ಆ ಸರ್ಕಾರ 2024ರ ಏಪ್ರಿಲ್ 1ರಿಂದ, ಪಿತ್ರಾರ್ಜಿತವಾಗಿ ಸ್ಥಿರಾಸ್ತಿ ಬಂದದ್ದು ತಿಳಿದ ಮೂರು ವರ್ಷದೊಳಗೆ ವಾರಸುದಾರರು ಹೆಸರು ದಾಖಲಿಸಲೇಬೇಕೆಂದು ವಿಧಿಸಿತು. ಇಟಲಿಯ ಹಲವು ಸಣ್ಣ ಊರುಗಳಲ್ಲಿ ಹಳೆಯ ಮನೆಗಳನ್ನು ಒಂದು ಯೂರೋಗೆ ಮಾರಿದರು. ಕೇಳಿದವರು ಬೆರಗಾದರು. ಆದರೆ ಇಂತಿಷ್ಟು ವರ್ಷದೊಳಗೆ ರಿಪೇರಿ ಮಾಡಿಸಬೇಕು, ಅದಕ್ಕೆ ಠೇವಣಿ ಇಡಬೇಕು ಎಂಬ ಷರತ್ತು ಅದರ ಜೊತೆಗಿತ್ತು. ಒಂದು ಯೂರೋ ಬರಿಯ ಹೆಸರಿಗೆ. ನಿಜವಾದ ಬೆಲೆ ಆಮೇಲೆ.

ಆ ದೇಶಗಳು ಕಲಿತದ್ದು ಎರಡು ಪಾಠ. ಮನೆ ಉಳಿಯಬೇಕಾದರೆ ಅದು ಯಾರದೆಂದು ಮೊದಲು ಬರೆದಿರಬೇಕು. ಕೊಂಡವನು ಅದನ್ನು ಬಾಳಿಸಬೇಕು. ನಮ್ಮಲ್ಲಿಯೂ 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣದ ಮನೆಗಳನ್ನು ಅಳೆಯುವ ಕೆಲಸ ನಡೆದಿದೆ. ಆಕಾಶದಿಂದ ಗೋಡೆ ಕಾಣುತ್ತದೆ, ಪಾಲು ಕಾಣುವುದಿಲ್ಲ. ಕೊಟ್ಟ ಊರಿನಲ್ಲಿರುವ ತಂಗಿಯ ಹೆಸರನ್ನು ಬರೆಸಬೇಕಾದವರು ನಾವೇ.

ಮಾಡಬೇಕಾದದ್ದು

ಬಂಧುಗಳೇ, ಇಷ್ಟೆಲ್ಲ ಹೇಳಿದ್ದು ಮನೆ ಕೊಳ್ಳಬೇಡಿ ಎನ್ನುವುದಕ್ಕಲ್ಲ. ಕೊಳ್ಳಿ. ಬಾಡಿಗೆ ಕಟ್ಟಿ ಕಟ್ಟಿ ಬೆನ್ನು ಬಾಗಿದವನಿಗೆ ತನ್ನದೊಂದು ಜಗಲಿ ಬೇಕು. ಬೀಗ ಬಿದ್ದ ಬೀದಿಯಲ್ಲಿ ಒಂದು ದೀಪ ಹತ್ತಿದರೆ, ಒಂದು ಅಂಗಡಿ ತೆರೆದರೆ, ಆ ಊರಿನ ಶಾಲೆಗೆ ನಾಲ್ಕು ಮಕ್ಕಳು ಹೆಚ್ಚಾದರೆ ಊರಿಗೂ ಒಳ್ಳೆಯದು. ಅಗ್ಗಕ್ಕೆ ಕೊಂಡು ಬೀಗ ಹಾಕಿ, ಹೆದ್ದಾರಿಯ ಬದಿ ಬೆಲೆ ಏರಲೆಂದು ಕಾಯುವವರು ಬೇರೆ ಇದ್ದಾರೆ. ಆ ಕೆಲಸ ನಮ್ಮದಲ್ಲ.

ಆದರೆ ಒಬ್ಬೊಬ್ಬರೇ ಹೋಗಬೇಡಿ. ಒಬ್ಬನೇ ಹೋದವನು ದಳ್ಳಾಳಿ ಹೇಳಿದ್ದನ್ನು ನಂಬಬೇಕಾಗುತ್ತದೆ. ನಾಲ್ಕು ಜನ ಕೂಡಿದರೆ ಒಬ್ಬ ವಕೀಲರ ಶುಲ್ಕವನ್ನು ಹಂಚಿಕೊಳ್ಳಬಹುದು, ಹಳೆಯ ಪುಸ್ತಕ ಹುಡುಕಿಸುವ ಖರ್ಚನ್ನು ಹಂಚಿಕೊಳ್ಳಬಹುದು, ಒಬ್ಬ ಮೇಸ್ತ್ರಿಯನ್ನು ಒಂದೇ ದಿನ ನಾಲ್ಕು ಮನೆಗೆ ಕರೆದೊಯ್ಯಬಹುದು. ಕೂಲಿಯ ವಿಷಯದಲ್ಲಿ ಸಂಘ ಕಟ್ಟಿದವರಿಗೆ ಮನೆಯ ವಿಷಯದಲ್ಲಿ ಅದು ಕಷ್ಟವಾಗಬಾರದು.

ಊರಿನಲ್ಲಿ ಬೀಗ ಹಾಕಿದ ಮನೆಯುಳ್ಳವರಿಗೆ ಇನ್ನೊಂದು ಕೆಲಸ. ಮಾರುವ ಯೋಚನೆ ಇರಲಿ, ಇಲ್ಲದಿರಲಿ, ಈ ವರ್ಷ ವಂಶವೃಕ್ಷ ಮಾಡಿಸಿ. ಅದರಲ್ಲಿ ಅಕ್ಕತಂಗಿಯರ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಸೇರಿಸಿ. ಅವರಿಗೆ ತಿಳಿಸಿ ಸೇರಿಸಿ. ಇದಕ್ಕೆ ವಕೀಲರು ಬೇಡ, ದಳ್ಳಾಳಿ ಬೇಡ. ರಜೆಯ ದಿನ ಬಸ್ಸು ಹತ್ತಿ ಅವರ ಮನೆಗೆ ಹೋಗಿ, ಊಟ ಮಾಡಿ, ಮಾತನಾಡಿ ಬಂದರೆ ಸಾಕು.

ಮನೆ ನೋಡಿಟ್ಟಿರುವವರು, ಮಾರಬೇಕೆಂದಿರುವವರು ತಮ್ಮ ಕಾಗದಗಳ ನಕಲನ್ನು ಮುಂದಿನ ವಾರದ ರಜೆಯ ದಿನ ಬೆಳಿಗ್ಗೆ ಇಲ್ಲಿಗೆ ತನ್ನಿ. ಕೂಡಿ ಕುಳಿತು ಓದೋಣ. ಮುಂಗಡ ಕೊಡುವ ಮೊದಲು ತನ್ನಿ.